ಅಕ್ಕೋರ ಪುಟ

ಶಿಷ್ಯ ಚನ್ನಮಲ್ಲ ಕೇಳಿದ: “ಗುರುಗಳೇ, ನಾನು ಬ್ಲಾಗಿನಲ್ಲಿ ಏನು ಬರೆದರೂ ಅದರ ಕೆಳಗೆ ಯಾರು ಯಾರೋ ಬಂದು ತಮ್ಮ ಸರಕಿನ ಜಾಹೀರಾತು ಅಂಟಿಸಿ ಹೋಗುತ್ತಾರೆ. ಅಳಿಸಿದಷ್ಟೂ ಬರುತ್ತವೆ. ನನ್ನ ಬರಹ ನನ್ನದು, ಅವರ ಕಮೆಂಟು ಅವರದು ಎಂದು ಬಿಟ್ಟುಬಿಟ್ಟರೆ ಆಗದೇ?”

ಗುರುಗಳು ಹೇಳಿದರು:

ಒಬ್ಬ ಶಾಲಾ ಶಿಕ್ಷಕಿ ಇದ್ದಳು. ಆಕೆಯ ಎರಡೂ ಕಿಡ್ನಿ ಕೆಟ್ಟವು. ವಾರ ವಾರವೂ ಡಯಾಲಿಸಿಸ್‌ಗೆ ಹೋಗಿ ಬರಬೇಕಾಯಿತು. ತಾನು ಅನುಭವಿಸಿ ತಿಳಿದದ್ದನ್ನು ಆಕೆ ಬ್ಲಾಗಿನಲ್ಲಿ ಬರೆಯತೊಡಗಿದಳು. ವೈದ್ಯರು ಹೇಳಿದಷ್ಟೇ ನೀರು ಕುಡಿದು ಬಾಯಾರಿಕೆ ತಾಳುವುದು ಹೇಗೆ, ಸೂಜಿ ಚುಚ್ಚುವ ಕೈಯನ್ನು ಕಾಪಾಡಿಕೊಳ್ಳುವುದು ಹೇಗೆ, ಭಯವಾದರೆ ಯಾರಿಗೆ ಹೇಳಿಕೊಳ್ಳುವುದು. ಅದೇ ಕಾಯಿಲೆಯವರು ದೂರದೂರುಗಳಲ್ಲಿ ಕುಳಿತು ಓದಿದರು. ‘ಅಕ್ಕೋರೇ’ ಎಂದು ಕರೆದು ತಮ್ಮ ಸಂದೇಹಗಳನ್ನು ಕೆಳಗೆ ಬರೆದರು. ಆಕೆ ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು.

ಜನ ಸೇರಿದ ಕಡೆಗೆ ಮಾರುವವರೂ ಬಂದರು. ‘ಈ ಪುಡಿ ತಿಂದೆ, ಡಯಾಲಿಸಿಸ್ ಬಿಟ್ಟೆ, ಈಗ ಆರೋಗ್ಯವಾಗಿದ್ದೇನೆ. ಬೇಕಾದವರು ಈ ನಂಬರಿಗೆ ಫೋನ್ ಮಾಡಿ.’ ಇದೇ ಮಾತು ಬೇರೆ ಬೇರೆ ಹೆಸರಿನಲ್ಲಿ ಬಂತು. ಮೊದಮೊದಲು ಆಕೆ ಅಳಿಸಿದಳು. ಬೆಳಿಗ್ಗೆ ಅಳಿಸಿದರೆ ಸಂಜೆಗೆ ಮತ್ತೆ ಇರುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನ ಆಕೆಗೆ ಎದ್ದು ಕೂರುವ ಶಕ್ತಿಯೂ ಇರುತ್ತಿರಲಿಲ್ಲ. ಓದುವವರು ದಡ್ಡರಲ್ಲ ಎಂದುಕೊಂಡು ಬಿಟ್ಟುಬಿಟ್ಟಳು.

ಒಂದು ದಿನ ಒಬ್ಬ ದರ್ಜಿ ಆಕೆಯ ಮನೆ ಹುಡುಕಿಕೊಂಡು ಬಂದ. ಬೈಯಲು ಬಂದವನಲ್ಲ. ಬಾಗಿಲಲ್ಲೇ ನಿಂತು ಕೇಳಿದ: “ಅಕ್ಕೋರೇ, ನನ್ನ ಹೆಂಡತಿಗೂ ನಿಮ್ಮದೇ ಕಾಯಿಲೆ. ನೀವು ಬರೆದದ್ದನ್ನು ತಪ್ಪದೆ ಓದುತ್ತಿದ್ದಳು. ನಿಮ್ಮ ಪುಟದಲ್ಲಿದ್ದ ಪುಡಿ ತರಿಸಿಕೊಂಡು ಡಯಾಲಿಸಿಸ್ ಬಿಟ್ಟಳು. ಹೋದ ತಿಂಗಳು ತೀರಿಹೋದಳು. ಪುಡಿಯನ್ನು ನಾನು ಬಿಸಿನೀರಿನಲ್ಲಿ ಕಲಸಿ ಕೊಡುತ್ತಿದ್ದೆ. ತಣ್ಣೀರಿನಲ್ಲಿ ಕೊಡಬೇಕಿತ್ತೇ? ನನ್ನಿಂದಲೇ ತಪ್ಪಾಯಿತೇ?”

ಆಕೆ ಹೇಳಿದಳು: “ತಪ್ಪು ನಿಮ್ಮದಲ್ಲ ಅಣ್ಣಾ. ಆ ಪುಡಿಯೇ ಸುಳ್ಳು. ಅದನ್ನು ನಾನು ಬರೆದಿರಲಿಲ್ಲ, ಯಾರೋ ಮಾರುವವರು ಬರೆದದ್ದು.”

“ಮೊದಲು ನನಗೂ ಅನುಮಾನ ಬಂದಿತ್ತು. ‘ಸುಳ್ಳಾಗಿದ್ದರೆ ಅಕ್ಕೋರು ಅದನ್ನು ಅಲ್ಲಿ ಇರಲು ಬಿಡುತ್ತಿದ್ದರೇ?’ ಎಂದಳು ಅವಳು,” ಎಂದ ದರ್ಜಿ. ಕೈಮುಗಿದು ಹೊರಟುಹೋದ.

ಆಕೆ ಅಂದೇ ಕುಳಿತು ಆ ಮಾರುವವರ ಮಾತುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಅಲ್ಲಿಂದ ಮುಂದೆ ತಾನು ಓದಿ ನೋಡದೆ ಒಂದು ಕಮೆಂಟನ್ನೂ ಒಳಗೆ ಬಿಡಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ಸೂಜಿಯಿಲ್ಲದ ಕೈಯಲ್ಲಿ ಫೋನು ಹಿಡಿದು ಅದೇ ಕೆಲಸ ಮಾಡಿದಳು. ಆದರೆ ಹೊಸದಾಗಿ ಏನನ್ನೂ ಬರೆಯಲು ಆಕೆಯಿಂದ ಆಗಲಿಲ್ಲ. ಬರೆಯಲು ಕುಳಿತರೆ, ತಾನು ಎಂದೂ ಕಾಣದ ಆ ಹೆಂಗಸಿನ ಮಾತೇ ಕಿವಿಯಲ್ಲಿ ಕೇಳುತ್ತಿತ್ತು. ಮುಂದಿನ ವರ್ಷ ಆಕೆಯೂ ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಕೇಳಿದ: “ಆದರೂ ಗುರುಗಳೇ, ಸುಳ್ಳು ಬರೆದವನು ಆ ಮಾರುವವನು. ಪಾಪ ಅವನದಲ್ಲವೇ?”

“ಪಾಪ ಅವನದೇ, ಆದರೆ ದರ್ಜಿಯ ಹೆಂಡತಿ ನಂಬಿದ್ದು ಅವನನ್ನಲ್ಲ.”

ಚನ್ನಮಲ್ಲ ಫೋನು ತೆಗೆದು ತನ್ನ ಬ್ಲಾಗಿನ ಜಾಹೀರಾತುಗಳನ್ನು ಒಂದೊಂದಾಗಿ ಅಳಿಸತೊಡಗಿದ.