ತಲೆ ತೂತಾದ ಪಿಸ್ಟನ್

ಚೆಲುವಯ್ಯ ಮೇಸ್ತ್ರಿಯ ಗ್ಯಾರೇಜಿನಲ್ಲಿ, ದೇವರ ಪಟದ ಮುಂದೆ, ಹಳೆಯ ಪಿಸ್ಟನ್ ಒಂದು ತಲೆಯ ಮೇಲೆ ಊದುಬತ್ತಿ ಹೊತ್ತು ಕೂತಿತ್ತು. ಕೆಳಗೆ ಹಳೇ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ಬಿಚ್ಚಿ ಹರಡಲಾಗಿತ್ತು. ಅದಕ್ಕೆಂದು ತಂದಿದ್ದ ಹೊಸ ಪಿಸ್ಟನ್ ಮುಖ ಗಂಟಿಕ್ಕಿಕೊಂಡು ಹೇಳಿತು:

"ಅಜ್ಜ, ಹತ್ತು ಕುದುರೆಯ ಬಲ ಹೆಚ್ಚಿದರೆ ಸಾಕಂತೆ ಮೇಸ್ತ್ರಿಗೆ. ನಾನು ಐವತ್ತು ಕೊಡಬಲ್ಲೆ. ನಿಮ್ಮಂಥ ಪೂಜ್ಯರು ಅವರಿಗೊಂದು ಮಾತು ಹೇಳಬೇಕು."

ಹಳೆಯ ಪಿಸ್ಟನ್ನಿಗೆ ನಗು ತಡೆಯಲಾಗಲಿಲ್ಲ. "ಪೂಜ್ಯನೆ? ಮಗು, ಇದೇ ಎಂಜಿನ್ನಿನಲ್ಲಿ ಇದ್ದವನು ನಾನು. ನಾನೂ ಐವತ್ತೇ ಕೇಳಿದ್ದೆ. ಕಾರಿನ ಹಿಂದಿನ ಯಜಮಾನ ಕೊಟ್ಟೇಬಿಟ್ಟ. ಘಾಟಿಯ ಎರಡು ತಿರುವಿನ ತನಕ ನನ್ನ ಸಮ ಯಾರೂ ಇರಲಿಲ್ಲ. ಮೂರನೆಯದರಲ್ಲಿ ಕಾವು ತಾಳದೆ ನೆತ್ತಿ ಸುಟ್ಟು ತೂತಾಯಿತು."

"ಆಮೇಲೆ?"

"ಆಮೇಲೇನು, ಊದುಬತ್ತಿ ಸಿಕ್ಕಿಸಲು ಆ ತೂತು ಹೇಳಿ ಮಾಡಿಸಿದ ಹಾಗಿತ್ತು."

ಅಷ್ಟರಲ್ಲಿ ಚೆಲುವಯ್ಯ ಬಂದು, ಆ ತೂತಿಗೆ ಹೊಸ ಬತ್ತಿ ಸಿಕ್ಕಿಸಿ ಕೈಮುಗಿದು, ಹೊಸ ಪಿಸ್ಟನ್ನನ್ನು ಎತ್ತಿಕೊಂಡ.

"ಹತ್ತೇ ಸಾಕು" ಎಂದಿತು ಅದು, ಮೆಲ್ಲಗೆ.

ಹಳೆಯ ಪಿಸ್ಟನ್ ನೆತ್ತಿಯಿಂದ ಹೊಗೆ ಬಿಡುತ್ತ ಅಂದುಕೊಂಡಿತು: 'ನನ್ನ ತಲೆಗೆ ಬುದ್ಧಿ ಹೊಕ್ಕಿದ್ದೂ ಈ ತೂತಿನಿಂದಲೇ ಇರಬೇಕು.'