ಕೈ ಎಣಿಸುವ ನ್ಯಾಯಾಧೀಶ

“ನನ್ನ ಪೀಠದ ಮುಂದೆ ಸಾಕ್ಷಿ ಬೇಡ, ಪತ್ರ ಬೇಡ. ಯಾರ ಪರ ಹೆಚ್ಚು ಕೈ ಏಳುತ್ತದೋ ನ್ಯಾಯ ಅವರದು!” ಎಂದು ನ್ಯಾಯಾಧೀಶ ಚೆನ್ನವೀರಪ್ಪ ತುಂಬಿದ ಆಸ್ಥಾನದಲ್ಲಿ ಕೊಚ್ಚಿಕೊಂಡ.

ತೆಂಕಣ ಸೀಮೆಯ ಪುಢಾರಿಯಾಗಿ ಅವನು ಕಲಿತ ವಿದ್ಯೆ ಅದೊಂದೇ. ಯಾರು ಗೆದ್ದರೂ ಅವರ ಮೆರವಣಿಗೆಯ ಮುಂದೆ ಇವನಿರುತ್ತಿದ್ದ. ದೊರೆ ಸರ್ಜಪ್ಪ ನಾಯಕನ ಹುಟ್ಟುಹಬ್ಬಕ್ಕೆ ಗಾಡಿಗಟ್ಟಲೆ ಜನ ತಂದು ಜೈಕಾರ ಹಾಕಿಸಿದ. ದೊರೆ ಉಬ್ಬಿಹೋಗಿ ನ್ಯಾಯಪೀಠವನ್ನೇ ಕೊಟ್ಟುಬಿಟ್ಟ. ಕಾನೂನು ಗೊತ್ತೇ ಎಂದು ಕೇಳುವುದು ಮರ್ಯಾದೆಯಲ್ಲವೆಂದು ಯಾರೂ ಕೇಳಲಿಲ್ಲ.

ಅಂದು ಕುಂಬಾರರ ನಿಂಗವ್ವನ ಬಾವಿ ಮೈದುನನ ಪಾಲಾಯಿತು. ಸತ್ತ ಗಂಡ ತೋಡಿದ ಬಾವಿ. ಮೈದುನ ನೆಂಟರಿಷ್ಟರನ್ನೆಲ್ಲ ಕರೆತಂದಿದ್ದ. ಅವಳ ಪರ ಎದ್ದದ್ದು ಅವಳದೊಂದೇ ಕೈ.

“ನೀರಿಲ್ಲದೆ ಮಣ್ಣು ಹೆಂಗೆ ಕಲಸಲಿ, ಅಯ್ಯಾ? ಹೊಟ್ಟೆಗೇನು ತಿನ್ನಲಿ?” ಎಂದು ಅವಳು ಬಾಗಿಲಲ್ಲಿ ಅತ್ತಾಗ, ಆಸ್ಥಾನದ ಜಾಣ ಓಬಳಯ್ಯನ ಮೈಯೆಲ್ಲ ಉರಿದುಹೋಯಿತು.

“ಅಳಬೇಡ, ತಾಯಿ. ನಾಳೆ ನಂದೂ ಒಂದು ದಾವೆ ಇದೆ. ನಿನ್ನ ಕೇರಿಯವರಿಗೆಲ್ಲ ಬೆಳಿಗ್ಗೆ ನಮ್ಮಲ್ಲಿ ಹೋಳಿಗೆ ಊಟ ಅಂತ ಹೇಳು.”

ಮರುದಿನ ದೊರೆಯ ಎದುರಿಗೇ ಓಬಳಯ್ಯ ನಿಂತ. “ಸ್ವಾಮಿ, ನನ್ನ ಮನೆಯಲ್ಲಿ ಒಬ್ಬ ಗೃಹಸ್ಥರು ಸಂಸಾರ ಸಮೇತ ಕೂತುಬಿಟ್ಟಿದ್ದಾರೆ. ಬಿಡಿಸಿಕೊಡಬೇಕು.”

“ಮನೆ ಇವನದು ಅನ್ನೋರು ಕೈ ಎತ್ತಿ!” ನ್ಯಾಯಾಧೀಶ ಗುಡುಗಿದ.

ಹೋಳಿಗೆ ತಿಂದ ಕೈಗಳೆಲ್ಲ ಎದ್ದವು.

“ಅಲ್ಲ ಅನ್ನೋರು?”

ಒಂದೂ ಇಲ್ಲ.

“ಮನೆ ಓಬಳಯ್ಯನದೇ! ಅವರ ಪಾತ್ರೆ ಪಗಡೆ ಈಗಲೇ ಬೀದಿಗೆ ಹಾಕಿಸಿ. ಅಂದಹಾಗೆ, ಮನೆ ಯಾವುದಯ್ಯಾ?”

“ಕೋಟೆ ಬಾಗಿಲ ಪಕ್ಕದ್ದು, ಸ್ವಾಮಿ. ತಾವು ಈಗಷ್ಟೇ ಮಡದಿಯ ಕೈಯೂಟ ಮುಗಿಸಿ ಬಂದಿರಲ್ಲ, ಅದೇ.”

ಚೆನ್ನವೀರಪ್ಪ ಪೀಠದಿಂದ ಎಗರಿ ಬಿದ್ದ. “ಅನ್ಯಾಯ, ಪ್ರಭು! ಅದು ನಾನು ಕಟ್ಟಿಸಿದ ಮನೆ! ಪತ್ರ ಇದೆ, ಸಾಕ್ಷಿಗಳಿದ್ದಾರೆ! ಊರೆಲ್ಲ ಕೈ ಎತ್ತಿದರೆ ನನ್ನ ಮನೆ ಇವನದಾಗುತ್ತದೆಯೇ?”

ಓಬಳಯ್ಯ ದೊರೆಗೆ ಕೈಮುಗಿದ. “ಪ್ರಭು, ಪೀಠವೇರಿದ ಮೇಲೆ ಇವರು ಕೊಟ್ಟ ಮೊದಲ ನಿಜವಾದ ತೀರ್ಪು ಈಗಾಡಿದ ಈ ಮಾತೇ. ನಿಂಗವ್ವನ ಬಾವಿಗೂ ಇದನ್ನೇ ಕೊಡಿಸಿ.”

ದೊರೆ ನಕ್ಕ, ಕೊಂಚ ಮುಜುಗರದಿಂದಲೇ. ಮನೆ ಚೆನ್ನವೀರಪ್ಪನಿಗೇ ಉಳಿಯಿತು, ಬಾವಿ ನಿಂಗವ್ವನಿಗೆ ಮರಳಿತು.

“ಅಂತೂ ನಿನ್ನ ದೆಸೆಯಿಂದ ಇವನು ನ್ಯಾಯ ಹೇಳೋದು ಕಲಿತ. ಪೀಠದಲ್ಲೇ ಇರಲಿ ಅಲ್ಲವೇನೋ?”

“ಇರಲಿ, ಪ್ರಭು. ಆದರೆ ಒಂದೊಂದು ನ್ಯಾಯಕ್ಕೂ ಅವರದೊಂದು ಮನೆ ಕಿತ್ತುಕೊಳ್ಳಬೇಕಾಗುತ್ತದೆ. ಅಷ್ಟೊಂದು ಮನೆ ಎಲ್ಲಿಂದ ತರೋಣ?”