ನುಗ್ಗೆಮರದ ಬೀಗಿತ್ತಿಯರು

ಭೂಮಿ ಹೊಸದಾಗಿದ್ದ ಕಾಲ ಅದು. ನದಿಗಳು ಆಗತಾನೇ ತಮ್ಮ ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದವು. ಯಾರಿಗೆ ಯಾರು ಏನಾಗಬೇಕು ಎನ್ನುವುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಹೂವಿಗೆ ಜೇನುಹುಳ ಏನಾಗಬೇಕು, ಮೋಡಕ್ಕೆ ನವಿಲು ಏನಾಗಬೇಕು, ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಿದ್ದರು.

ಸಂಬಂಧ ಕೂಡಿಸುವುದಕ್ಕೆ ಇದ್ದದ್ದು ಒಂದೇ ಪದ್ಧತಿ. ಒಬ್ಬರ ಮನೆಯ ಸಿಹಿ ಇನ್ನೊಬ್ಬರ ಬಾಯಿಗೆ ಬಿದ್ದರೆ ಮುಗಿಯಿತು, ಅವರು ನೆಂಟರು. ಮದುವೆ ಮಾತು ಮುಗಿದ ಮೇಲೆ ನಾವು ಬಾಯಿ ಸಿಹಿ ಮಾಡಿಕೊಳ್ಳುತ್ತೇವಲ್ಲ, ಅದು ಆಗಿನಿಂದ ಬಂದದ್ದು.

ಆಗಿನ ಒಂದು ಬೇಸಿಗೆಯಲ್ಲಿ ಕರಿಯವ್ವ ಎನ್ನುವ ಇರುವೆ ನುಗ್ಗೆಮರ ಹತ್ತಿದಳು. ಅವಳ ಗೂಡು ಆ ಮರದ ಬುಡದಲ್ಲೇ ಇತ್ತು. ಗೂಡಿನಲ್ಲಿ ಮರಿಗಳು ಹಸಿದು ಹಸಿದು ಅಳುವುದನ್ನೂ ಬಿಟ್ಟಿದ್ದವು. ಮಕ್ಕಳು ಅತ್ತಾಗ ತಾಯಿ ಸಿಡುಕುತ್ತಾಳೆ, ಅಳು ನಿಲ್ಲಿಸಿದಾಗ ಹೆದರುತ್ತಾಳೆ. ಕರಿಯವ್ವ ಹೆದರಿದ್ದಳು.

ಒಂದು ಎಲೆಯ ಮೇಲೆ ಹನಿಯೊಂದು ಹೊಳೆಯುತ್ತಿತ್ತು. ಇಬ್ಬನಿ ಇರಬೇಕೆಂದು ಬಾಯಿಟ್ಟಳು. ಇಬ್ಬನಿಯಲ್ಲ, ಬೆಲ್ಲದ ಪಾಕದಂಥ ಸಿಹಿ. ಯಾರದೆಂದು ಕೇಳುವಷ್ಟು ತಾಳ್ಮೆ ಎಲ್ಲಿತ್ತು? ಒಂದೇ ಉಸಿರಿಗೆ ಹೀರಿ, ಮಕ್ಕಳಿಗೆಂದು ಹೊಟ್ಟೆಯೊಳಗಿನ ಚೀಲದಲ್ಲಿ ತುಂಬಿಕೊಂಡಳು.

ಆ ಹನಿ ಪಚ್ಚವ್ವನದು. ಪಚ್ಚವ್ವ ಗಿಡಹೇನು. ಎಳ್ಳಿಗಿಂತ ಚಿಕ್ಕ ಹಸಿರು ಮೈ ಅವಳದು. ಸೂಜಿಯಂಥ ಮೂತಿಯನ್ನು ಎಳೆ ಕೊಂಬೆಗೆ ಚುಚ್ಚಿ ಮರದ ರಸ ಕುಡಿದು, ಮಿಕ್ಕ ಸಿಹಿಯನ್ನು ಹನಿಹನಿಯಾಗಿ ಕೆಳಗೆ ಬಿಡುವವಳು. ಸುತ್ತಲೂ ಅವಳ ಮಕ್ಕಳು ಹಾಗೇ ಕೂತಿದ್ದರು. ಕಚ್ಚಲು ಅವರಿಗೆ ಹಲ್ಲಿಲ್ಲ. ಓಡೋಣವೆಂದರೆ ಮೂತಿ ಮರದೊಳಗೆ.

ಆಗಲೇ ಕೊಂಬೆಯ ತುದಿಯಿಂದ ಗುಲಗಂಜಿ ಹುಳ ಬಂತು. ಕೆಂಪು ಬೆನ್ನು, ಕಪ್ಪು ಚುಕ್ಕೆ, ನೋಡಲು ಬಲು ಚೆಂದ. ಅದು ಪಚ್ಚವ್ವನ ಮಕ್ಕಳನ್ನು ಒಂದೊಂದಾಗಿ ತಿನ್ನತೊಡಗಿತು. ಅದನ್ನು ಬೈದು ಪ್ರಯೋಜನವಿಲ್ಲ, ಅದರ ಹೊಟ್ಟೆಗೂ ಅದೇ ಊಟ.

ಪಚ್ಚವ್ವ ಕೆಳಗೆ ನೋಡಿ ಕರೆದಳು. “ಬೀಗಿತ್ತಿ, ಒಸಿ ನಿಂತ್ಕೊ. ನನ್ ಮಕ್ಳು ಹೋಯ್ತಾವೆ.”

ಕರಿಯವ್ವನಿಗೆ ಮೈ ಉರಿಯಿತು. “ನಾನ್ಯಾವ ಬೀಗಿತ್ತಿ ನಿಂಗೆ? ಬಿದ್ದಿದ್ದ ಹನಿ ನೆಕ್ದೆ, ಅಷ್ಟೆ. ನೀನೇನ್ ಕರೆದು ಕೊಟ್ಯಾ?”

ಹಾಗೆಂದು ಇಳಿದೇಬಿಟ್ಟಳು. ಗಾಳಿ ಅಡ್ಡ ಬಂದು, ಹಿಂದಿರುಗು ಎಂದು ಬೇಡಿಕೊಂಡಿತು. ನನ್ನ ಮಕ್ಕಳು ಸಾಯುತ್ತಿದ್ದಾರೆ ಎಂದಳು ಕರಿಯವ್ವ. ಅದು ಸುಳ್ಳಾಗಿರಲಿಲ್ಲ. ಗಾಳಿ ದಾರಿ ಬಿಟ್ಟಿತು.

ಗೂಡಿನಲ್ಲಿ ಅವಳು ಬಾಯಿಗೆ ಬಾಯಿಟ್ಟು ಮಕ್ಕಳಿಗೆ ಸಿಹಿ ಕುಡಿಸಿದಳು. ಒಂದು ಮಿಸುಕಿತು, ಇನ್ನೊಂದು ಕಾಲಾಡಿಸಿತು. ಎಲ್ಲಕ್ಕಿಂತ ಚಿಕ್ಕದು ತುಟಿ ಚಪ್ಪರಿಸಿ, “ಅವ್ವ, ಇದ್ಯಾರ ಮನೇದು?” ಎಂದು ಕೇಳಿತು.

ಯಾರದೂ ಅಲ್ಲ ಎನ್ನಲು ಹೋದಳು. ಬದುಕಿದ ಮಗುವಿನ ಮುಖ ನೋಡುತ್ತಾ ಆ ಮಾತು ಹೇಗೆ ಹೇಳುವುದು?

“ಬೀಗರ ಮನೇದು ಕಣವ್ವ,” ಎಂದಳು. ಎಂದವಳೇ ಎದ್ದು ಮರಕ್ಕೆ ಓಡಿದಳು.

ಪಚ್ಚವ್ವ ಇರಲಿಲ್ಲ. ಅವಳ ಒಣ ಸಿಪ್ಪೆ ಮಾತ್ರ ಕೊಂಬೆಗೆ ಅಂಟಿಕೊಂಡಿತ್ತು, ಮೂತಿ ಇನ್ನೂ ಮರದೊಳಗೇ ಇತ್ತು. ಮಕ್ಕಳೂ ಇರಲಿಲ್ಲ. ಎಲೆಯ ಸಂದಿಯಲ್ಲಿ ಒಂದೇ ಒಂದು ಮರಿ ಉಳಿದಿತ್ತು. ಗುಲಗಂಜಿ ಹುಳ ಅದರತ್ತ ನಡೆಯುತ್ತಿತ್ತು.

ಕರಿಯವ್ವ ನಡುವೆ ಹೋಗಿ ನಿಂತಳು. ಹುಳ ಅವಳನ್ನು ಮೇಲಿಂದ ಕೆಳಗೆ ನೋಡಿತು. ಅವಳಿಗಿಂತ ಎಷ್ಟೋ ದೊಡ್ಡದು ಅದು.

“ಇವಳು ನಿಂಗೇನಾಗ್ಬೇಕು?” ಎಂದು ಕೇಳಿತು.

“ನಮ್ ಬೀಗಿತ್ತಿ ಮಗಳು.”

ಹುಳ ನಕ್ಕು ಮುಂದೆ ಕಾಲಿಟ್ಟಿತು. ಕರಿಯವ್ವ ಆ ಕಾಲನ್ನೇ ಕಚ್ಚಿ ಹಿಡಿದಳು. ಅದು ಕೊಡವಿತು, ಎಳೆದಾಡಿತು, ಅವಳನ್ನು ತೊಗಟೆಗೆ ಉಜ್ಜಿತು. ಅವಳು ಬಿಡಲಿಲ್ಲ. ಕೊನೆಗೆ ಹುಳವೇ ಸೋತು, ಕಾಲು ಬಿಡಿಸಿಕೊಂಡು ಹಾರಿಹೋಯಿತು.

ಮರಿ ಇನ್ನೂ ನಡುಗುತ್ತಿತ್ತು. ತಪ್ಪಾಯಿತು ಎಂದು ಯಾರಿಗೆ ಹೇಳಬೇಕೋ ಅವಳು ಈಗ ಇರಲಿಲ್ಲ. ಕರಿಯವ್ವನಿಗೆ ದುಃಖ ಒತ್ತರಿಸಿ ಬಂತು. ತನ್ನ ಎರಡು ಮೀಸೆಗಳಿಂದ ಮರಿಯ ಬೆನ್ನು ಸವರಿದಳು.

“ಆಗ ಕೇಳ್ದೆ ಕುಡ್ದ್ಬುಟ್ಟೆ, ತಾಯಿ. ಇನ್ಮೇಲೆ ಕೇಳ್ದೆ ಮುಟ್ಟಾಕಿಲ್ಲ.”

ಸವರುತ್ತಾ ಸವರುತ್ತಾ ನಡುಕ ನಿಂತಿತು. ಮರಿ ಮೆಲ್ಲಗೆ ಒಂದು ಸಿಹಿ ಹನಿ ಬಿಟ್ಟಿತು. ಕರಿಯವ್ವ ಅದರ ಮುಂದೆ ಬಹಳ ಹೊತ್ತು ಕೂತಿದ್ದು, ಆಮೇಲೆ ಕುಡಿದಳು.

ಹಿತ್ತಿಲ ನುಗ್ಗೆಮರದ ಎಳೆ ಕೊಂಬೆಯೊಂದನ್ನು ಬಗ್ಗಿಸಿ ನೋಡು, ಮಗು. ಹೇನುಗಳ ಪಕ್ಕದಲ್ಲಿ ಇರುವೆ ಕಾವಲಿದ್ದೇ ಇರುತ್ತದೆ, ಬೆರಳು ಚಾಚಿದರೆ ನಿನ್ನ ಮೇಲೂ ಬಾಯಿ ತೆರೆದು ಬರುತ್ತದೆ. ಅದಕ್ಕೆ ಎಷ್ಟೇ ಹಸಿವಿರಲಿ, ಮೊದಲು ಎರಡು ಮೀಸೆಗಳಿಂದ ಹೇನಿನ ಬೆನ್ನು ಸವರಿ ಕೇಳುತ್ತದೆ, ಅದಾಗಿಯೇ ಕೊಡುವವರೆಗೆ ಕಾಯುತ್ತದೆ.